ಕಾಗದದಲ್ಲಿ ಬರೆದ ಇಪ್ಪತ್ತು ತೆನೆ

“ಹಿಂದ ಯಾರೋ ಕುಂತಾರಲ್ಲೋ ತಮ್ಮಾ,” ಅಂದರು ಕಪ್ತಾನರು.

ಮದ್ರಾಸಿನಿಂದ ಮೇಲೆದ್ದು ಹತ್ತು ನಿಮಿಷವಾಗಿತ್ತು. ನಮ್ಮದು ಸಾಮಾನು ಸಾಗಿಸುವ ಡಕೋಟಾ ವಿಮಾನ. ಹಿಂದಿನ ಭಾಗದಲ್ಲಿ ಕೂರಲು ಒಂದು ಸೀಟೂ ಇರಲಿಲ್ಲ. ನೆಲಕ್ಕೆ ಬಿಗಿದ ಕಬ್ಬಿಣದ ಬಳೆಗಳು, ಬಳೆಗಳಿಗೆ ಹಗ್ಗ, ಹಗ್ಗದ ಕೆಳಗೆ ಚರ್ಮದ ಮೂಟೆ, ಚಹಾದ ಪೆಟ್ಟಿಗೆ, ಯಂತ್ರದ ಬಿಡಿಭಾಗ. ಮುಂದೆ ಎಡಗಡೆಯ ಸೀಟು ಕಪ್ತಾನರದು, ಬಲಗಡೆಯದು ನನ್ನದು. ನಮ್ಮ ಬೆನ್ನ ಹಿಂದೆ ರೇಡಿಯೊದವನು. ಒಟ್ಟು ಮೂರೇ ಜನ.

“ಯಾರೂ ಇಲ್ಲರಿ ಸಾಹೇಬ್ರ.”

ಅವರು ಎರಡು ಸೀಟುಗಳ ನಡುವಿನ ಗಾಲಿಯ ಕಡೆ ಬೆರಳು ಮಾಡಿದರು. ವಿಮಾನದ ಬಾಲ ಭಾರವಾಗಿ ಮೂಗು ಮೇಲೆದ್ದರೆ ಆ ಗಾಲಿಯನ್ನು ಮುಂದಕ್ಕೆ ತಿರುಗಿಸಿ ಸಮ ಮಾಡಿಕೊಳ್ಳುತ್ತೇವೆ.

“ಇದು ದಿನಾ ಎಲ್ಲಿ ನಿಲ್ತದ, ಇವತ್ತ ಎಲ್ಲಿ ನಿಂತದ? ಬಾಲದಾಗ ನಿಮ್ಮ ಸ್ವಾದರತ್ತಿ ಏನರ ಕುಂತಾಳೇನು?”

ಒಪ್ಪಿಕೊಳ್ಳದೆ ವಿಧಿ ಇರಲಿಲ್ಲ. ಬಾಲದಲ್ಲಿ ಕುಳಿತದ್ದು ಒಳಕಲ್ಲು. ಮದ್ರಾಸಿನ ಒಂದು ಬೀದಿಯಲ್ಲಿ ನೋಡಿ, ಕಕ್ಕೇರಾದ ಮನೆಯಲ್ಲಿರುವ ಅವ್ವನಿಗೆಂದು ಕೊಂಡಿದ್ದೆ. ಗೋಣಿತಟ್ಟಿನಲ್ಲಿ ಸುತ್ತಿ, ಯಾರೂ ಕಾಣದ ಹಾಗೆ ಬಾಗಿಲ ಹಿಂದಿನ ಮೂಲೆಯಲ್ಲಿಟ್ಟಿದ್ದೆ.

ಅವರು ಗದರಲಿಲ್ಲ. ಮುಂಬಯಿಯಲ್ಲಿ ಇಳಿದ ಮೇಲೆ ಆ ಕಲ್ಲನ್ನು ನಾನೊಬ್ಬನೇ ಹೊತ್ತು ತೂಕದ ಯಂತ್ರದವರೆಗೆ ಒಯ್ಯಬೇಕೆಂದರು. ಹಮಾಲರೆಲ್ಲ ಕೆಲಸ ಬಿಟ್ಟು ನೋಡುತ್ತ ನಿಂತರು. ತೂಕವಾದ ಮೇಲೆ ಸಾಮಾನಿನ ಯಾದಿಯ ಕೊನೆಯ ಸಾಲಿನಲ್ಲಿ ನನ್ನ ಕೈಯಿಂದಲೇ ಬರೆಸಿದರು: ಒಳಕಲ್ಲು, ಒಂದು, ಗುಂಡು ಸಹಿತ.

“ಕಾಗದದಾಗ ಇಲ್ಲದ್ದು ವಿಮಾನದಾಗ ಇರಬಾರ್ದು. ಬಿದ್ದ ವಿಮಾನದಾಗ ಏನಿತ್ತು ಅಂತ ಕೇಳಿದ್ರ ಕಾಗದ ಹೇಳಬೇಕು. ಸತ್ತೋರು ಹೇಳಂಗಿಲ್ಲ.”

ಈ ಮಾತು ನನಗೆ ಹಿಡಿಸಿತು. ಗಂಟೆ ಹೊಡೆದರೆ ಏಳು, ಗಂಟೆ ಹೊಡೆದರೆ ಉಣ್ಣು ಎಂಬ ಹೈದರಾಬಾದಿನ ವಸತಿಶಾಲೆಯಲ್ಲಿ ಬೆಳೆದವನು ನಾನು. ಯುದ್ಧದ ಕಾಲದಲ್ಲಿ ವಾಯುಪಡೆಗೆ ಸೇರಿ ಹಾರಲು ಕಲಿತೆ. ಅಲ್ಲಿಯೂ ಅದೇ ಗಂಟೆ. ನಿಯಮವೊಂದು ಕೈಗೆ ಸಿಕ್ಕರೆ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದೇ ನನ್ನ ಸ್ವಭಾವ. ಅಂದಿನಿಂದ ನನ್ನ ಊಟದ ಡಬ್ಬಿಯನ್ನು ಬಿಟ್ಟರೆ ಒಂದು ನಿಂಬೆಹಣ್ಣನ್ನೂ ನಾನು ಬರೆಯದೆ ವಿಮಾನಕ್ಕೆ ಏರಿಸುತ್ತಿರಲಿಲ್ಲ.

ಕಪ್ತಾನರೂ ನಮ್ಮ ಕಡೆಯವರೇ. ಸುರಪುರದ ಗುಡ್ಡದ ಬುಡದ ಓಣಿಯಲ್ಲಿ ಅವರ ಮನೆ. ತಂದೆ ತಹಸೀಲು ಕಚೇರಿಯಲ್ಲಿ ಕಾರಕೂನರಾಗಿದ್ದರಂತೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಹಾರುವಾಗ ನಾವಿಬ್ಬರೂ ಮಾತನಾಡುತ್ತಿದ್ದುದು ಓಣಿಯ ಮಾತು. ರೇಡಿಯೊದವನು ತಮಿಳಿನವನು. ನಾವು ಜಗಳವಾಡುತ್ತಿದ್ದೇವೆ ಎಂದೇ ಅವನು ಬಹಳ ದಿನ ತಿಳಿದಿದ್ದ.

ಮುಂಬಯಿಯಿಂದ ಮದ್ರಾಸಿಗೆ, ಅಲ್ಲಿಂದ ಕೊಲಂಬೊಗೆ ನಮ್ಮ ದಾರಿ. ಘಟ್ಟ ದಾಟಿ, ಬಿಜಾಪುರದ ಗುಮ್ಮಟ ಎಡಕ್ಕೆ ಸರಿದು ಅರ್ಧ ಗಂಟೆಯಾದರೆ ಕೃಷ್ಣೆ. ಅಲ್ಲಿ ಗಡಿಯಾರ ನೋಡಿ ಸಮಯ ಬರೆದುಕೊಳ್ಳುವುದು ನನ್ನ ಕೆಲಸ. ಗಾಳಿ ಎಷ್ಟು ತಳ್ಳಿದೆ, ಎಷ್ಟು ಹಿಡಿದಿದೆ ಎಂಬುದು ಆ ಒಂದು ಅಂಕಿಯಿಂದ ತಿಳಿಯುತ್ತದೆ. ಕೆಳಗೆ ತಿಂಥಣಿಯ ಬಂಡೆಗಳು, ನೀರಿನಲ್ಲಿ ಹರಿಗೋಲುಗಳು ಕರಿಯ ಗುಂಡಿಗಳ ಹಾಗೆ ಕಾಣುತ್ತಿದ್ದವು. ಕಪ್ತಾನರು ಟೋಪಿ ತೆಗೆದು, ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಮೋನಪ್ಪಯ್ಯನ ಗುಡಿಯ ಕಡೆ ತಲೆ ಬಾಗಿಸಿ, ಮತ್ತೆ ಟೋಪಿ ಇಟ್ಟುಕೊಳ್ಳುತ್ತಿದ್ದರು. ಅವರ ತಾಯಿ ಚಿಕ್ಕಂದಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರಂತೆ. ನಾನು ಸಮಯ ಬರೆಯುತ್ತಿದ್ದೆ. ಇದು ಪ್ರತಿ ಸಲವೂ ನಡೆಯುತ್ತಿತ್ತು.

ನಿಜಾಮರ ಆಳ್ವಿಕೆ ಮುಗಿದು ನಮ್ಮ ಸೀಮೆ ಹಿಂದೂಸ್ಥಾನ ಸೇರಿ ಆಗ ಹೆಚ್ಚು ಕಾಲವಾಗಿರಲಿಲ್ಲ. ಊರಲ್ಲಿ ಕಚೇರಿಯ ಬೋರ್ಡು ಬದಲಾಗಿತ್ತು, ರೊಕ್ಕ ಬದಲಾಗುತ್ತಿತ್ತು, ಕೆಲವು ಮನೆಗಳಿಗೆ ಬೀಗ ಬಿದ್ದಿತ್ತು. ಕಪ್ತಾನರಿಗೆ ಹೆಂಡತಿ ಇಲ್ಲ, ಒಬ್ಬಳೇ ಮಗಳು. ಅವಳನ್ನು ಹೈದರಾಬಾದಿಗೆ ಕೊಟ್ಟಿದ್ದರು. ಅಳಿಯ ಆ ಗದ್ದಲದ ವರ್ಷವೇ ಕರಾಚಿಗೆ ಹೋಗಿ ಕೆಲಸ ಹಿಡಿದ, ಆರು ತಿಂಗಳ ಮೇಲೆ ಅವಳನ್ನೂ ಕರೆಸಿಕೊಂಡ. ಕಪ್ತಾನರು ಹೋಗಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದೆ.

“ಸುರಪುರದಾಗ ನಮ್ಮವ್ವ ಮಲಗ್ಯಾಳಲ್ಲೋ,” ಅಂದರು. ಅವರ ತಾಯಿಯ ಗೋರಿ ಅಲ್ಲಿತ್ತು.

ನಮ್ಮ ಕಂಪನಿಗೆ ಇನ್ನೊಂದು ದಾರಿಯೂ ಇತ್ತು. ಮುಂಬಯಿಯಿಂದ ಕರಾಚಿ, ಅಲ್ಲಿ ಎಣ್ಣೆ ತುಂಬಿಸಿಕೊಂಡು ಶಾರ್ಜಾ, ಬಹ್ರೇನ್, ಬಸ್ರಾ. ಹೋಗಲು ಎರಡು ದಿನ, ಬರಲು ಎರಡು ದಿನ. ಕಪ್ತಾನರಿಗಿಂತ ಹಿರಿಯ ಹಾರಾಟಗಾರ ಕಂಪನಿಯಲ್ಲಿರಲಿಲ್ಲ. ಆದರೂ ಮಗಳು ಆ ದೇಶದಲ್ಲಿದ್ದಾಳೆಂಬ ಕಾರಣಕ್ಕೆ ಅವರನ್ನು ಆ ದಾರಿಗೆ ಹಾಕುತ್ತಿರಲಿಲ್ಲ. ಅವರು ಅರ್ಜಿ ಕೊಟ್ಟರು, ಮತ್ತೊಂದು ಕೊಟ್ಟರು. ಬರಿಯ ಪ್ರಯಾಣಿಕನಾಗಿ ಹೋಗಲು ಪರವಾನಗಿ ಚೀಟಿ ಬೇಕಿತ್ತು. ಅದಕ್ಕೂ ಬರೆದರು, ಅದೂ ಬರಲಿಲ್ಲ. ಮಗಳ ಊರನ್ನು ಬಿಟ್ಟು ಬೇರೆಲ್ಲ ಕಡೆಗೂ ಹಾರಬಲ್ಲ ತಂದೆ ಅವರು.

ಆ ವರ್ಷ ನನಗೆ ಎಡಗಡೆಯ ಸೀಟು ಸಿಕ್ಕಿತು. ನಾನೇ ಕಪ್ತಾನನಾದೆ. ಹಾಕಿದ್ದು ಬಸ್ರಾದ ದಾರಿಗೆ.

ನನ್ನನ್ನು ಅಭಿನಂದಿಸಲು ಅವರು ತಮ್ಮ ಖೋಲಿಗೆ ಕರೆದರು. ಚಹಾ ಕುಡಿದಾದ ಮೇಲೆ ದಿಂಬಿನ ಕೆಳಗಿನಿಂದ ಒಂದು ಕಾಗದ ತೆಗೆದರು. ಮಗಳದು. ಅವಳಿಗೆ ಏಳು ತಿಂಗಳು ತುಂಬುವುದರಲ್ಲಿತ್ತು. ಏಳನೆಯ ತಿಂಗಳಿಗೆ ಬಸುರಿ ಬಯಸಿದ್ದನ್ನು ತವರಿನವರು ಕೊಡುವುದು ಅವರಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು. ಏನು ಬೇಕೆಂದು ಅವರು ಬರೆದು ಕೇಳಿದ್ದರು. ಬಳೆ, ಸೀರೆ, ಬೆಳ್ಳಿ ಏನೂ ಬೇಡವಂತೆ. ಅವಳು ಬರೆದದ್ದು ಒಂದೇ ಪದ: ಸೀತನಿ.

ಸೀತನಿ ಎಂದರೆ ಹಾಲು ತುಂಬಿದ ಎಳೆಯ ಜೋಳದ ತೆನೆ. ಹೊಲದಲ್ಲಿಯೇ ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ಉಜ್ಜಿ, ಹೊಟ್ಟು ಊದಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಹಚ್ಚಿಕೊಂಡು ತಿನ್ನುವುದು. ಎಳ್ಳಮಾವಾಸ್ಯೆಯ ಆಜೂಬಾಜು ಹದಿನೈದು ದಿನ ಸಿಗುತ್ತದೆ. ಆಮೇಲೆ ಕಾಳು ಬಲಿಯುತ್ತದೆ. ಕೊಯ್ದು ಮೂರು ದಿನ ಕಳೆದರೆ ಹಾಲು ಆರುತ್ತದೆ. ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಕರಾಚಿಯಲ್ಲಂತೂ ಅದರ ಹೆಸರು ಬಲ್ಲವರೇ ಇರಲಿಕ್ಕಿಲ್ಲ.

“ಸಣ್ಣಾಕಿ ಇದ್ದಾಗ ನಮ್ಮ ಬಾಜೂ ಮನಿ ಗೌಡ್ರ ಹೊಲದಾಗ ಕುಂತಳಂದ್ರ ಏಳತಿದ್ದಿಲ್ಲ. ಮಾರಿ ಎಲ್ಲ ಮಸಿ,” ಅಂದರು ಕಪ್ತಾನರು. “ಬಸುರಿ ಬಯಕಿ ತೀರಸಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವಂತ. ನನ್ನ ಮೊಮ್ಮಗ ಕಿವುಡ ಆಗಿ, ಮುಂದ ವಿಮಾನ ನಡಸಾಕ ಬಂದ್ರ ರೇಡಿಯೊದಾಗ ಅವಗ ಏನ್ ಕೇಳ್ತದ?”

ನಕ್ಕರು. ನಾನೂ ನಕ್ಕೆ. ಆಮೇಲೆ ಅವರು ಕೇಳಿದರು, “ತರ್ತಿಯೇನೋ ತಮ್ಮಾ?”

ಅವರ ಕೆಳಗೆ ಮೂರು ವರ್ಷ ಹಾರಿದ್ದೆ. ಅವರು ನನ್ನಲ್ಲಿ ಒಂದು ಲೋಟ ನೀರನ್ನೂ ಬೇಡಿರಲಿಲ್ಲ. ತರುತ್ತೇನೆ ಎಂದೆ. ಮೂರು ದಿನದ ಲೆಕ್ಕವನ್ನು ಅಲ್ಲಿಯೇ ಕುಳಿತು ಬರೆದೆವು. ಸೋಮವಾರ ಬೆಳಿಗ್ಗೆ ಕೊಯ್ಲು, ಸಂಜೆ ಯಾದಗಿರಿಯಲ್ಲಿ ರೈಲು, ಮಂಗಳವಾರ ಬೆಳಿಗ್ಗೆ ಮುಂಬಯಿ, ಬುಧವಾರ ಸೂರ್ಯೋದಯಕ್ಕೆ ವಿಮಾನ, ಹತ್ತೂವರೆಗೆ ಕರಾಚಿ. ಮಗಳು ಅಂದು ನಿಲ್ದಾಣದ ಬೇಲಿಯ ಹತ್ತಿರ ಬಂದು ನಿಲ್ಲಬೇಕೆಂದು ಅವರು ಕಾಗದ ಬರೆದರು.

ರಜೆ ಹಾಕಿ ಊರಿಗೆ ಹೋದೆ. ನಮ್ಮ ಹೊಲದಂಚಿಗೆ ಸೀತನಿಗೆಂದೇ ಎರಡು ಸಾಲು ಸಿಹಿಜೋಳ ಹಾಕುವುದು ಅಪ್ಪನ ಕಾಲದಿಂದ ಬಂದದ್ದು. ಸೋಮವಾರ ಇಬ್ಬನಿ ಆರುವ ಮೊದಲೇ ಅವ್ವನ ಜೊತೆ ಹೋದೆ. ಅವಳು ಒಂದೊಂದು ತೆನೆಯಿಂದಲೂ ಒಂದು ಕಾಳು ಕಿತ್ತು ಉಗುರಿನಿಂದ ಒತ್ತಿ ನೋಡುತ್ತಿದ್ದಳು. ಹಾಲು ಚಿಮ್ಮಿದರೆ ಕೊಯ್ಯಿ, ಹಿಟ್ಟಾಗಿದ್ದರೆ ಬಿಡು. ಹಾಗೆ ಇಪ್ಪತ್ತು ತೆನೆ ಆರಿಸಿದಳು.

“ಬಸುರಿಗೆ ಎಣಸಿ ಕೊಡಬಾರ್ದೋ. ಇನ್ನೊಂದು ಹಿಡಿ ಕೊಯ್ಯಿ.”

“ಎಣಸದ ಹೆಂಗ ಬರಿಲಿ ಅವ್ವಾ? ಯಾದಿಯೊಳಗ ಬರೀಬೇಕು.”

“ತೆನಿಗೂ ಯಾದಿ ಮಾಡ್ತೀಯೇನು?” ಅವ್ವ ಕುಡುಗೋಲು ನೆಲಕ್ಕಿಟ್ಟು ನನ್ನ ಮುಖ ನೋಡಿದಳು. “ನೀ ಹುಟ್ಟಿದಾಗ ನಾನೂ ನಿನ್ನ ತೂಕ ಮಾಡಿ ಬರಸಬೇಕಾಗಿತ್ತು ಬಿಡು.”

ಅದೇ ಮದ್ರಾಸಿನ ಒಳಕಲ್ಲಿನಲ್ಲಿ ಹಿಂಡಿ ಕುಟ್ಟಿ ಒಂದು ಗಂಟು ಕಟ್ಟಿಕೊಟ್ಟಳು. ತೆನೆಗಳನ್ನು ಒದ್ದೆ ಧೋತರದಲ್ಲಿ ಸುತ್ತಿದಳು. ಶಹಾಪುರದ ಮೇಲೆ ಹೋಗುವ ಸರ್ವಿಸ್ ಮೋಟಾರಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತೆ. ಯಾದಗಿರಿಯ ಪ್ಲಾಟ್‌ಫಾರ್ಮಿನ ನಲ್ಲಿಯಲ್ಲಿ ಬಟ್ಟೆಗೆ ಮತ್ತೆ ನೀರು ಹಾಕಿದೆ. ರೈಲಿನಲ್ಲಿ ಎದುರಿಗೆ ಕುಳಿತವರೊಬ್ಬರು, “ಕೂಸು ಭಾಳ ಶಾಣ್ಯಾ ಅದ ನೋಡ್ರಿ, ಒಮ್ಮಿಯೂ ಅಳಲಿಲ್ಲ,” ಎಂದು ಹೇಳಿ ಎಲ್ಲರನ್ನೂ ನಗಿಸಿದರು.

ಮಂಗಳವಾರ ಮುಂಬಯಿಯಲ್ಲಿ ಕಪ್ತಾನರಿಗೆ ಒಪ್ಪಿಸಿದೆ. ಅವರು ತೆನೆಗಳ ಸುತ್ತು ಬಿಚ್ಚಿದರು. ಒಂದು ತೆನೆಯನ್ನು ಮೂಗಿಗೆ ಹಿಡಿದರು. ಒಂದು ಕಾಳು ಒತ್ತಿದರು, ಹಾಲು ಬಂತು. ಕುಡಿಯುವ ನೀರಿನ ಮಣ್ಣಿನ ಹೂಜಿಯಲ್ಲಿ ತೆನೆಗಳನ್ನು ದಂಟು ಕೆಳಗಾಗಿ ನಿಲ್ಲಿಸಿದರು. ಆ ಖೋಲಿಯಲ್ಲಿ ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಒಂದು ನಕಾಶೆ ಬಿಟ್ಟರೆ ಬೇರೆ ಸಾಮಾನಿರಲಿಲ್ಲ. ಅಂದು ಅಲ್ಲಿ ನಮ್ಮ ಹೊಲದ ಒಂದು ಚೂರು ನಿಂತಿತ್ತು.

ಬುಧವಾರ ಬೆಳಕು ಹರಿಯುವ ಹೊತ್ತಿಗೆ, ಕಪ್ತಾನರು ಮತ್ತೆ ಸುತ್ತಿಕೊಟ್ಟ ತೆನೆಗಳೊಡನೆ ನಾನು ನಿಲ್ದಾಣದಲ್ಲಿದ್ದೆ. ವಿಮಾನವನ್ನು ಎಡದಿಂದ ಆರಂಭಿಸಿ ಒಂದು ಸುತ್ತು ನಡೆದು ನೋಡಿದೆ. ಚಕ್ರ, ರೆಕ್ಕೆಯ ಅಂಚು, ಬಾಲ. ಒಳಗೆ ಹೋಗಿ ಒಂದೊಂದು ಹಗ್ಗವನ್ನೂ ಜಗ್ಗಿ ನೋಡಿದೆ. ಕರಾಚಿಗೆ ವೀಳ್ಯದೆಲೆಯ ಬುಟ್ಟಿಗಳು, ಬಸ್ರಾಕ್ಕೆ ಗಿರಣಿ ಬಟ್ಟೆಯ ಗಾಂಟುಗಳು. ಕೊನೆಗೆ ಯಾದಿ ತೆಗೆದುಕೊಂಡು ಕೊನೆಯ ಸಾಲಿನಲ್ಲಿ ಬರೆದೆ: ಜೋಳದ ಹಸಿ ತೆನೆ, ಇಪ್ಪತ್ತು, ಕಾಣಿಕೆ.

ರೇಡಿಯೊದವನು ನೋಡಿದ. “ಅದನ್ನು ಯಾಕೆ ಬರೆಯುತ್ತೀರಿ? ನಿಮ್ಮ ಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಇಡಿ. ಯಾರಾದರೂ ಕೇಳಿದರೆ ತಿಂಡಿ ಎನ್ನಿ,” ಎಂದು ಇಂಗ್ಲಿಷಿನಲ್ಲಿ ಹೇಳಿದ.

ಅವನಿಗೆ ನಾನು ಕಪ್ತಾನರ ಮಾತನ್ನೇ ತಿರುಗಿಸಿ ಹೇಳಿದೆ. ಕಾಗದದಲ್ಲಿ ಇಲ್ಲದ್ದು ವಿಮಾನದಲ್ಲಿ ಇರಬಾರದು. ಹೇಳುವಾಗ ಎದೆ ಸ್ವಲ್ಪ ಉಬ್ಬಿತ್ತು. ಕಪ್ತಾನರ ಮಗಳಿಗೆ ಹೋಗುವ ಕಾಣಿಕೆ ಕಪ್ತಾನರ ನಿಯಮದಂತೆಯೇ ಹೋಗಬೇಕು ಎಂಬುದು ನನ್ನ ಲೆಕ್ಕ.

ಆ ದಿನದ ಹಾರಾಟ ಬಹಳ ಒಳ್ಳೆಯದಾಗಿತ್ತು. ಖಂಬಾತದ ಕೊಲ್ಲಿ ದಾಟುವಾಗ ಗಾಳಿ ಬೆನ್ನಿಗೆ ಬಂತು. ಕಾಠಿಯಾವಾಡದ ಬೋಳು ನೆಲ, ಕಚ್ಛದ ಉಪ್ಪಿನ ಬಯಲು, ಆಮೇಲೆ ಸಿಂಧೂ ನದಿ ಸಮುದ್ರ ಸೇರುವಲ್ಲಿ ಕೆಸರಿನ ನೂರಾರು ಕವಲು. ಎರಡೂ ಇಂಜಿನುಗಳು ಒಂದೇ ಸ್ವರದಲ್ಲಿ ಗುನುಗುತ್ತಿದ್ದವು. ಬಲಗಡೆ ಕುಳಿತ ಹೊಸಬನಿಗೆ ಚುಕ್ಕಾಣಿ ಕೊಟ್ಟು ನಾನು ಎರಡು ಸಲ ಹಿಂದೆ ಹೋಗಿ ಧೋತರಕ್ಕೆ ನೀರು ಚಿಮುಕಿಸಿ ಬಂದೆ. ನಿಗದಿಗಿಂತ ಆರು ನಿಮಿಷ ಮುಂಚೆಯೇ ಕರಾಚಿ ಕಂಡಿತು.

ಇಳಿದ ಮೇಲೆ ಕಸ್ಟಮ್ಸಿನವರು ಬಂದರು. ಮಧ್ಯವಯಸ್ಸಿನ ಮನುಷ್ಯ, ಸಭ್ಯರು. ಯಾದಿ ಹಿಡಿದು ಒಂದೊಂದೇ ಸಾಲು ಓದಿದರು. ವೀಳ್ಯದೆಲೆಯ ಬುಟ್ಟಿಗಳಿಗೆ ರೋಗವಿಲ್ಲವೆಂಬ ಪ್ರಮಾಣಪತ್ರವಿತ್ತು, ಹೋದವು. ಕೊನೆಯ ಸಾಲಿಗೆ ಬಂದು ನಿಂತರು.

“ಇದು ಬೀಜವಿರುವ ಬೆಳೆ. ಇದರ ಪ್ರಮಾಣಪತ್ರ ಎಲ್ಲಿ?” ಎಂದು ಉರ್ದುವಿನಲ್ಲಿ ಕೇಳಿದರು.

ಇರಲಿಲ್ಲ. ಬಸುರಿಗೆ ಎಂದೆ. ಬೇಲಿಯ ಆಚೆ ನಿಂತಿರಬಹುದು, ತಂದೆ ಕಳಿಸಿದ್ದು ಎಂದೆ. ಅವರು ಯಾದಿಯನ್ನು ನನ್ನ ಕಡೆ ತಿರುಗಿಸಿ ನನ್ನದೇ ಅಕ್ಷರದ ಮೇಲೆ ಬೆರಳಿಟ್ಟರು. “ನೀವು ಬರೆಯದಿದ್ದರೆ ನಾನು ನೋಡುತ್ತಿರಲಿಲ್ಲ. ಬರೆದ ಮೇಲೆ ಬಿಡಲು ನನಗೆ ಅಧಿಕಾರವಿಲ್ಲ.” ಕೆಂಪು ಶಾಯಿಯಿಂದ ಆ ಸಾಲನ್ನು ಹೊಡೆದು ಹಾಕಿ ಸಹಿ ಮಾಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ತಡೆಹಿಡಿದ ಹಸಿ ಮಾಲನ್ನು ಸುಡುವುದು ಅಲ್ಲಿಯ ನಿಯಮ. ಗೋದಾಮಿನ ಮಗ್ಗುಲಲ್ಲಿ ಅದಕ್ಕಾಗಿಯೇ ಒಂದು ಕಬ್ಬಿಣದ ಪೀಪಾಯಿ ಇತ್ತು. ಜವಾನನೊಬ್ಬ ತೆನೆಗಳನ್ನು ಅದರಲ್ಲಿ ಹಾಕಿ ಬೆಂಕಿ ಹಚ್ಚಿದ. ಧೋತರವನ್ನು ನನಗೆ ಮರಳಿ ಕೊಟ್ಟ.

ನಾನು ಬೇಲಿಯ ಕಡೆ ನಡೆದೆ. ತಂತಿಯ ಆಚೆ ಒಬ್ಬಳು ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿ ನಿಂತಿದ್ದಳು. ಮೊದಲು ನೋಡಿರದಿದ್ದರೂ ಗುರುತು ಹಿಡಿದೆ. ಅದೇ ಹಣೆ, ಅದೇ ಮೂಗು. ಒಂದು ಕೈ ತಂತಿಯ ಮೇಲೆ, ಇನ್ನೊಂದು ನಡುವಿನ ಮೇಲೆ.

“ಕಕ್ಕೇರಾ ಅಣ್ಣಾರೇನ್ರಿ?”

“ಹೌದು ತಂಗಿ.”

“ಅಣ್ಣಾ, ಅಲ್ಲಿ ಏನ್ ಸುಡಾಕತ್ತಾರ್ರಿ? ಸೀತನಿ ವಾಸನಿ ಬಂದಂಗ ಆತು. ಬಯಕಿ ತಲಿಗೇರಿ ನನಗ ಹುಚ್ಚು ಹಿಡದದ ಅಂತ ಮಾಡಿದ್ದೆ.”

ಗಾಳಿ ಅವಳ ಕಡೆಗೇ ಬೀಸುತ್ತಿತ್ತು. ನಮ್ಮ ಹೊಲದ ವಾಸನೆ ನನಗೂ ಬಂತು. ಎಳೆಯ ಕಾಳಿನ ಹಾಲು ಬೆಂಕಿಗೆ ಬಿದ್ದಾಗ ಬರುವ ಸಿಹಿ ವಾಸನೆ, ಅದರ ಹಿಂದೆ ಹೊಟ್ಟು ಸೀದ ಒಗರು.

“ಹುಚ್ಚಲ್ಲ ತಂಗಿ,” ಎಂದು ನಡೆದದ್ದನ್ನು ಹೇಳಿದೆ. ಯಾದಿಯಲ್ಲಿ ಬರೆದದ್ದನ್ನೂ ಹೇಳಿದೆ.

ಅವಳು ಪೀಪಾಯಿಯ ಕಡೆ ನೋಡಿದಳು. ಆಮೇಲೆ, “ಬರದ್ರೇನು! ನಮ್ಮ ಅಬ್ಬಾನ ಶಿಷ್ಯ ಅನ್ನೂದು ಖರೆ ಮಾಡಿದ್ರಿ ನೋಡ್ರಿ,” ಅಂದಳು. ನಗಲು ನೋಡಿದಳು. ಆಗಲಿಲ್ಲ. ತಂತಿ ಹಿಡಿದ ಬೆರಳುಗಳು ಬಿಳುಪಾದವು.

ಕಾವಲಿನ ಸಿಪಾಯಿ ಹತ್ತಿರ ಬಂದ. ನಾವು ಆಡುತ್ತಿದ್ದ ಮಾತು ಅವನಿಗೆ ಅನುಮಾನ ಹುಟ್ಟಿಸಿರಬೇಕು. ಇದು ಯಾವ ಭಾಷೆ ಎಂದು ಉರ್ದುವಿನಲ್ಲಿ ಗದರಿ ಕೇಳಿದ. “ಘರ್ ಕೀ,” ಎಂದಳು ಅವಳು, ಮನೆಯದು ಎಂದು. ಅವನು ಅವಳ ಹೊಟ್ಟೆಯ ಕಡೆ ನೋಡಿ ಸುಮ್ಮನೆ ದೂರ ಹೋದ.

ಹೊಗೆ ಆರುವವರೆಗೂ ಅವಳು ಗಾಳಿಗೆ ಮುಖ ಕೊಟ್ಟು ನಿಂತಳು. ಕಣ್ಣು ಮುಚ್ಚಿಕೊಂಡು ಉಸಿರು ಎಳೆದುಕೊಳ್ಳುತ್ತಿದ್ದಳು. ಅವ್ವ ಕೊಟ್ಟ ಹಿಂಡಿಯ ಗಂಟು ನನ್ನ ಊಟದ ಚೀಲದಲ್ಲಿತ್ತು. ಅದನ್ನು ನಾನು ಯಾದಿಯಲ್ಲಿ ಬರೆಯುವುದು ಮರೆತಿದ್ದೆ, ಆದ್ದರಿಂದ ಅದು ಉಳಿದಿತ್ತು. ತಂತಿಯ ಕಿಂಡಿಯಲ್ಲಿ ಕೊಟ್ಟೆ. ಅವಳು ಅಲ್ಲಿಯೇ ಬಿಚ್ಚಿ ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡಳು.

“ಅಬ್ಬಾಗ ಸೀತನಿ ತಿಂದಳು ಅಂತ ಹೇಳ್ರಿ. ನಾನೂ ಹಂಗ ಬರೀತೀನಿ. ಮುದುಕನ ಜೀವ ತಣ್ಣಗಾಗಲಿ.”

“ಸುಳ್ಳು ಹೇಳಲೇನು?”

“ಒಂದು ಸುಳ್ಳು ಹೇಳ್ರಿ ಅಣ್ಣಾ. ಅದನ್ನರ ಎಲ್ಲೂ ಬರಿಬ್ಯಾಡ್ರಿ.”

ಬಸ್ರಾದಿಂದ ಮರಳಿದ ದಿನ ಕಪ್ತಾನರು ನಿಲ್ದಾಣದಲ್ಲಿಯೇ ಕಾದಿದ್ದರು. ಮೆಟ್ಟಿಲು ಇಳಿಯುವ ಮೊದಲೇ ಕೇಳಿದರು, “ಕಾಳಾಗ ಹಾಲಿತ್ತಾ?”

“ಇತ್ತ್ರಿ ಸಾಹೇಬ್ರ. ಹೊಟ್ಟಿತುಂಬ ತಿಂದ್ರು.”

“ಮಾರಿಗಿ ಮಸಿ ಹತ್ತಿತ್ತಾ?”

“ಹತ್ತಿತ್ತ್ರಿ.”

ಅವರು ನನ್ನ ಭುಜದ ಮೇಲೆ ಕೈಯಿಟ್ಟು, ತೆಗೆದು, ಹೊರಟುಹೋದರು. ಹತ್ತು ದಿನದ ಮೇಲೆ ಮಗಳ ಕಾಗದವೂ ಬಂತು. ಒಂದೊಂದು ಕಾಳೂ ಸಕ್ಕರೆಯ ಹಾಗಿತ್ತು ಎಂದು ಬರೆದಿದ್ದಳು. ಕಪ್ತಾನರು ನನಗೆ ಅದನ್ನು ಬಂದ ದಿನ ಒಮ್ಮೆ, ಕೆಲವು ದಿನ ಬಿಟ್ಟು ಇನ್ನೊಮ್ಮೆ ಓದಿ ಹೇಳಿದರು. ಪ್ರತಿ ತಿಂಗಳ ಕೊನೆಗೆ ಎಲ್ಲ ದಾರಿಗಳ ಯಾದಿಗಳನ್ನು ತಿರುವಿ ನೋಡಿ ಸಹಿ ಹಾಕುವುದು ಹಿರಿಯ ಕಪ್ತಾನರ ಕೆಲಸ. ಇದು ನನಗೆ ಗೊತ್ತಿತ್ತು. ಆದರೂ ಆಗ ನೆನಪಾಗಲಿಲ್ಲ.

ಬೇಸಿಗೆಯ ಆರಂಭದಲ್ಲಿ ಕರಾಚಿಯಿಂದ ತಂತಿ ಬಂತು. ಹೆಣ್ಣುಕೂಸು ಉಳಿದಿತ್ತು. ತಾಯಿ ಉಳಿಯಲಿಲ್ಲ. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲವಂತೆ. ಅದಕ್ಕೂ ತೆನೆಗೂ ಸಂಬಂಧವಿಲ್ಲ ಎಂದು ನಾನು ಅಂದೇ ನನಗೆ ಹೇಳಿಕೊಂಡೆ. ಈಗಲೂ ಹೇಳಿಕೊಳ್ಳುತ್ತೇನೆ. ಅದು ಸರಿಯಾದ ಮಾತು. ಅದರಿಂದ ಏನೂ ಉಪಯೋಗವಾಗಿಲ್ಲ.

ಪರವಾನಗಿ ಚೀಟಿ ಆಗಲೂ ಬರಲಿಲ್ಲ. ಕಪ್ತಾನರು ರಜೆ ತೆಗೆದುಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಮದ್ರಾಸಿನ ಹಾರಾಟ ಅವರದಿತ್ತು. ಅವರ ಬಲಗಡೆ ಕೂರಬೇಕಾದವನನ್ನು ಕೇಳಿಕೊಂಡು ಅಂದು ನಾನೇ ಆ ಸೀಟಿಗೆ ಹೋದೆ. ಹಾರುವ ಮೊದಲು ಓದುವ ಪಟ್ಟಿಯನ್ನು ನಾನು ಓದಿದೆ, ಅವರು ಒಂದೊಂದಕ್ಕೂ ಎಂದಿನ ದನಿಯಲ್ಲಿ ಉತ್ತರ ಕೊಟ್ಟರು. ಒಂದನ್ನೂ ಬಿಡಲಿಲ್ಲ, ಒಂದಕ್ಕೂ ತಡವರಿಸಲಿಲ್ಲ. ಗುಮ್ಮಟ ಎಡಕ್ಕೆ ಸರಿಯಿತು. ಅರ್ಧ ಗಂಟೆಯ ಮೇಲೆ ಕೃಷ್ಣೆ ಬಂತು. ಅವರು ಟೋಪಿ ತೆಗೆದರು.

“ನೀ ಹಿಡಿ,” ಅಂದರು.

ಹಿಡಿದೆ. ಅವರು ಟೋಪಿಯನ್ನು ಮುಖಕ್ಕೆ ಒತ್ತಿಕೊಂಡರು. ಇಂಜಿನಿನ ಸದ್ದಿನಲ್ಲಿ ಬೇರೇನೂ ಕೇಳುವಂತಿರಲಿಲ್ಲ. ತುಂಗಭದ್ರೆ ಕಾಣುವ ಹೊತ್ತಿಗೆ ಟೋಪಿ ಇಟ್ಟುಕೊಂಡು, “ಕೊಡು,” ಅಂದರು. ಅಂದು ಕೃಷ್ಣೆ ದಾಟಿದ ಸಮಯ ಬರೆದು ಇಡಲು ಇಬ್ಬರಿಗೂ ಆಗಲಿಲ್ಲ. ನನ್ನ ಹಾರಾಟದ ಪುಸ್ತಕದಲ್ಲಿ ಆ ಅಂಕಿಯ ಚೌಕ ಇಂದಿಗೂ ಖಾಲಿ ಇದೆ.

ಮುಂದಿನ ಚಳಿಗಾಲ ಎಳ್ಳಮಾವಾಸ್ಯೆ ಕಳೆದ ಮೇಲೆ ಕಪ್ತಾನರು ಎಲ್ಲಿಗೋ ಹೋಗಿ ಬಂದರು. ಎಲ್ಲಿಗೆ ಎಂದು ಯಾರಿಗೂ ಹೇಳಿರಲಿಲ್ಲ. ಅವ್ವನಿಂದ ಕಾಗದ ಬಂದಾಗ ನನಗೆ ತಿಳಿಯಿತು. ನಮ್ಮ ಮನೆಗೆ ಹೋಗಿದ್ದರು. ಹೊಲ ನೋಡಿಕೊಳ್ಳುವ ನನ್ನ ಅಣ್ಣನ ಜೊತೆ ಹೋಗಿ ಸಾಲಿನ ಉದ್ದಕ್ಕೂ ಒಂದೊಂದು ಕಾಳು ಒತ್ತಿ ನೋಡುತ್ತ ನಡೆದರಂತೆ. ಅವ್ವ ಹಾಕಿದ ರೊಟ್ಟಿ ಉಂಡು, ಒಳಕಲ್ಲಿನ ಹತ್ತಿರ ಕುಳಿತು, “ಇದು ನಮ್ಮ ಬಾಲದಾಗ ಕುಂತು ಬಂದಾಕಿ ಅಲ್ಲೇನ್ರಿ ಅವ್ವಾರ,” ಅಂದರಂತೆ.

ನಾನು ಹಾರುವ ದಿನ ಬೆಳಿಗ್ಗೆ ಅವರು ವಿಮಾನದ ಹತ್ತಿರವೇ ಬಂದರು. ಕೈಯಲ್ಲಿ ಒದ್ದೆ ಬಟ್ಟೆಯ ಸಣ್ಣ ಸುರುಳಿ. ಎಂಟು ತೆನೆ ಇದ್ದಿರಬಹುದು, ನಾನು ಎಣಿಸಲಿಲ್ಲ. ಹಮಾಲರು ಗಾಂಟು ಏರಿಸುತ್ತಿದ್ದರು. ಯಾದಿ ನನ್ನ ಕೈಯಲ್ಲಿತ್ತು, ಪೆನ್ನೂ ಇತ್ತು.

“ಈ ಸರ್ತಿ ಕಾಗದದಾಗ ಬರಿಬ್ಯಾಡೋ ತಮ್ಮಾ,” ಅಂದರು.

ನಾನು ಅವರ ಮುಖ ನೋಡಿದೆ. ಅವರು ನನ್ನನ್ನು ನೋಡಲಿಲ್ಲ, ಹಗ್ಗಗಳನ್ನು ನೋಡುತ್ತಿದ್ದರು. ಯಾದಿಯ ಮೇಲಿನ ಆ ಕೆಂಪು ಗೀಟನ್ನು ಅವರು ಹೋದ ಚಳಿಗಾಲದಲ್ಲಿಯೇ ಕಂಡಿದ್ದರು. ಮಗಳ ಕಾಗದವನ್ನು ನನಗೆ ಎರಡನೆಯ ಸಲ ಓದಿದ್ದು ಅದಾದ ಮೇಲೆಯೋ ಮುಂಚೆಯೋ, ನಾನು ಕೇಳಲಿಲ್ಲ. ಸುರುಳಿಯನ್ನು ನನ್ನ ಚೀಲದಲ್ಲಿ ಊಟದ ಡಬ್ಬಿಯ ಪಕ್ಕಕ್ಕೆ ಇಟ್ಟೆ.

ಆ ಕಾಲದಲ್ಲಿ ಬಸ್ರಾದಿಂದ ಬರುವಾಗ ಇಂಜಿನ್ ತಪಾಸಣೆಗೆಂದು ಕರಾಚಿಯಲ್ಲಿ ಅರ್ಧ ದಿನ ನಿಲ್ಲುತ್ತಿದ್ದೆವು. ಹೋಗುವಾಗ ಸಮಯವಿರಲಿಲ್ಲ. ಆದ್ದರಿಂದ ತೆನೆಗಳು ನನ್ನ ಜೊತೆ ಬಸ್ರಾವರೆಗೂ ಹೋಗಿ ಬಂದವು. ಕಪ್ತಾನರ ಅಳಿಯ ನಿಲ್ದಾಣಕ್ಕೆ ಬಂದು ಟಾಂಗಾದಲ್ಲಿ ಖಬರಸ್ತಾನಕ್ಕೆ ಕರೆದೊಯ್ದ. ಇನ್ನೂ ಕಲ್ಲು ಹಾಕಿಸಿರಲಿಲ್ಲ, ಮಣ್ಣಿನ ದಿಬ್ಬ ಅಷ್ಟೆ. ತಲೆಯ ಕಡೆಗೆ ತೆನೆಗಳನ್ನು ಇಟ್ಟೆ. ತಂಗಿ, ತಂದೀನಿ, ಎಂದೆ. ಒಂದು ತೆನೆಯನ್ನು ಮನೆಗೆ ಒಯ್ದೆವು. ಅಳಿಯನ ತಾಯಿ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಅದಕ್ಕೂ ಅದೇ ಹಣೆ. ಒಂದು ಕಾಳು ಬಿಡಿಸಿ ಅದರ ತುಟಿಯ ಹತ್ತಿರ ಒತ್ತಿದೆ. ಏನೂ ಬರಲಿಲ್ಲ. ಇನ್ನೊಂದು ಒತ್ತಿದೆ. ಬಿಳಿ ಹಿಟ್ಟು ಉದುರಿತು. ಕೂಸು ಅದನ್ನು ನೆಕ್ಕಿ, ಮುಖ ಹಿಂಡಿ, ನನ್ನ ಬೆರಳು ಹಿಡಿದುಕೊಂಡಿತು.

ಮುಂಬಯಿಯಲ್ಲಿ ಕಪ್ತಾನರು ಕಾದಿದ್ದರು. ನಾನು ಕೂಸಿನ ಮಾತು ಹೇಳಿದೆ, ಹಣೆಯ ಮಾತು ಹೇಳಿದೆ. ಕಿವಿ ಸೋರುವುದಿಲ್ಲ, ನಾನೇ ನೋಡಿದ್ದೇನೆ ಎಂದೆ. ಅವರು ತಲೆಯಾಡಿಸಿದರು. ಆಮೇಲೆ ಕೇಳಿದರು, “ಕಾಳಾಗ ಹಾಲಿತ್ತಾ?”

“ಇಲ್ಲರಿ ಸಾಹೇಬ್ರ. ಬಲತಿದ್ವು.”

“ಹೌದು,” ಅಂದರು. “ನಾ ಹೋಗೂದ ತಡ ಆತು.”

ಅವರು ಕೈ ಚಾಚಿ ಯಾದಿ ಕೇಳಿದರು. ಕೊಟ್ಟೆ. ಮೇಲಿನಿಂದ ಕೆಳಗಿನವರೆಗೆ ಒಂದೊಂದು ಸಾಲಿಗೂ ಬೆರಳಿಟ್ಟು ಓದಿದರು. ಕೊನೆಯ ಸಾಲು ಮುಗಿದ ಮೇಲೆಯೂ, ಅದರ ಕೆಳಗಿನ ಖಾಲಿ ಜಾಗದಲ್ಲಿ ಬೆರಳು ನಿಂತೇ ಇತ್ತು. ಆಮೇಲೆ ಸಹಿ ಮಾಡಿ ನನಗೆ ಮರಳಿ ಕೊಟ್ಟರು.